ವಿಡಿಯೋ ಸಾಕ್ಷಿ ಇದೆ ಸರಿ, ಕೋರ್ಟಲ್ಲಿ ಪರದೆ ಯಾರ ಕಡೆ ತಿರುಗಿದೆ?

"ಏನ್ ತೋರ್ಸಿದ್ರು ಮಗ? ನಂಗೇನೂ ಕಾಣ್ಲಿಲ್ಲ."

ಕೋರ್ಟ್ ಹಾಲ್‌ನಿಂದ ಹೊರಗೆ ಬಂದ ತಕ್ಷಣ ಆ ತಾಯಿ ನನ್ನನ್ನ ಕೇಳಿದ ಮೊದಲ ಮಾತು ಇದು. 2023ರಲ್ಲಿ ಅವರ ಮಗ ಟಿಪ್ಪರ್ ಅಡಿ ಸಿಕ್ಕಿ ಹೋದ. ಸರ್ಕಲ್ ಪಕ್ಕದ ಬೇಕರಿಯ ಸಿಸಿಟಿವಿಯಲ್ಲಿ ಎಲ್ಲಾ ದಾಖಲಾಗಿದೆ ಅನ್ನೋದು ಇಡೀ ಊರಿಗೆ ಗೊತ್ತು. ಆ ವಿಡಿಯೋವನ್ನ ಕೋರ್ಟಲ್ಲಿ ತೋರಿಸೋ ದಿನ ಅಂತ ಅವರು ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದಿದ್ರು. ಅವರ ಸಾಕ್ಷಿ ಹೇಳಿಕೆ ಆಗಲೇ ಮುಗಿದಿದ್ದರಿಂದ ಒಳಗೆ ಕೂರೋಕೆ ಅಡ್ಡಿ ಇರಲಿಲ್ಲ. ಹಿಂದಿನ ಬೆಂಚಲ್ಲಿ ಕೂತ್ರು. ಸೀರೆ ಸೆರಗನ್ನ ಬಾಯಿಗೆ ಒತ್ತಿಕೊಂಡು ಕಾದ್ರು.

ಬೆಂಚ್ ಕ್ಲರ್ಕ್ ಟೇಬಲ್ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ರು. ಅದರ ಪರದೆ ನ್ಯಾಯಾಧೀಶರ ಕಡೆ ತಿರುಗಿತ್ತು. ಸರ್ಕಾರಿ ವಕೀಲರು, ಆರೋಪಿ ಪರ ವಕೀಲರು ಎದ್ದು ಹೋಗಿ ಎರಡೂ ಕಡೆ ಬಗ್ಗಿ ನಿಂತ್ರು. ಕಟಕಟೆಯಲ್ಲಿದ್ದ ಬೇಕರಿ ಮಾಲೀಕರು ಕತ್ತು ಉದ್ದ ಮಾಡಿ ಇಣುಕಿದ್ರು. ಆರೋಪಿ ಚಾಲಕ ಹಿಂದೆ ಕಂಬಿ ಹತ್ತಿರ ನಿಂತಿದ್ದ. ಅವನಿಗೆ ಕಂಡಿದ್ದು ಲ್ಯಾಪ್‌ಟಾಪಿನ ಬೆನ್ನು ಮತ್ತು ಇಬ್ಬರು ವಕೀಲರ ಕರೀ ಕೋಟು. ಆ ತಾಯಿಗೂ ಅಷ್ಟೇ. ನನಗೂ ಅಷ್ಟೇ. ಒಂದು ನಿಮಿಷ ಕೂಡ ಆಗಿರಲಿಲ್ಲ, ಮುಗೀತು.

ಪ್ರಕರಣ ಇನ್ನೂ ನಡೀತಿದೆ. ಹಾಗಾಗಿ ಊರು, ಕೋರ್ಟು, ಹೆಸರು ಯಾವುದನ್ನೂ ಬರೆಯಲ್ಲ. ತಪ್ಪು ಚಾಲಕನದ್ದೋ ಅಲ್ವೋ ಅನ್ನೋದು ಈ ಬರಹದ ವಿಷಯವೂ ಅಲ್ಲ. ನನ್ನ ಪ್ರಶ್ನೆ ಒಂದೇ. ಇನ್ನು ಮುಂದೆ ನಮ್ಮ ಕೋರ್ಟುಗಳಿಗೆ ವಿಡಿಯೋ ಸಾಕ್ಷ್ಯ ಹೊಳೆ ಥರ ಬರುತ್ತೆ. ಅದನ್ನ ತೋರಿಸೋದು ಹೇಗೆ, ಯಾರಿಗೆ, ಯಾವುದರ ಮೇಲೆ?

ಯಾಕೆ ಈಗ ಈ ಮಾತು?

2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದಿವೆ. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಇದರ ಬಗ್ಗೆ ಭಾಷಣಗಳನ್ನ ಕೇಳಿದ್ದೀವಿ. ಕೋರ್ಟ್ ಹಾಲ್‌ನಲ್ಲಿ ಇದರಿಂದ ಏನು ಬದಲಾಗುತ್ತೆ ಅನ್ನೋದನ್ನ ಅಷ್ಟಾಗಿ ಯಾರೂ ಮಾತಾಡಿಲ್ಲ.

ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ನೋಡಿ. ಪೊಲೀಸರು ಎಲ್ಲಾದ್ರೂ ಶೋಧ ಮಾಡಿದ್ರೆ, ವಸ್ತು ಜಪ್ತಿ ಮಾಡಿದ್ರೆ, ಅದರ ಆಡಿಯೋ-ವಿಡಿಯೋ ಮಾಡಲೇಬೇಕು. ಮೊಬೈಲಲ್ಲಿ ಮಾಡಿದ್ರೂ ಆಗುತ್ತೆ. ತಡ ಮಾಡದೆ ಅದನ್ನ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. 176ನೇ ಕಲಂ ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧ ಆದ್ರೆ ವಿಧಿವಿಜ್ಞಾನ ಪರಿಣತರು ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹಿಸೋದನ್ನ ವಿಡಿಯೋ ಮಾಡಬೇಕು. ಇದನ್ನ ಪೂರ್ತಿ ಜಾರಿ ಮಾಡೋಕೆ ರಾಜ್ಯಗಳಿಗೆ 5 ವರ್ಷ ಟೈಮ್ ಕೊಟ್ಟಿದ್ದಾರೆ. ಪೊಲೀಸರ ಕೈಗೆ 'ಇ-ಸಾಕ್ಷ್ಯ' ಅನ್ನೋ ಆ್ಯಪ್ ಕೂಡ ಬಂದಿದೆ.

ಹಿಂದೆ ಮಹಜರ್ ಅಂದ್ರೆ ಎರಡು ಹಾಳೆ, ಪಂಚರ ಸಹಿ. ಕೋರ್ಟಿಗೆ ಬಂದಾಗ ಪಂಚ "ನಾನು ಠಾಣೆಗೆ ಹೋಗಿ ಸಹಿ ಹಾಕ್ದೆ ಸಾರ್, ಸ್ಥಳಕ್ಕೇ ಹೋಗಿಲ್ಲ" ಅಂದ್ರೆ ಕೇಸು ಅಲ್ಲಿಗೇ ಅಲ್ಲಾಡ್ತಿತ್ತು. ಈಗ ಅದೇ ಮಹಜರಿಗೆ ವಿಡಿಯೋ ಇರುತ್ತೆ. ಅದರ ಜೊತೆಗೆ ಅಂಗಡಿ, ಬಂಕ್, ಬ್ಯಾಂಕ್, ಬಸ್ ಸ್ಟ್ಯಾಂಡ್ ಸಿಸಿಟಿವಿ. ಜನರ ಮೊಬೈಲ್ ವಿಡಿಯೋ ಬೇರೆ. ಅಂದ್ರೆ ಮುಂದೆ ಒಂದು ಸಾದಾ ಕಳ್ಳತನದ ಕೇಸಲ್ಲೂ ನಾಲ್ಕೈದು ಫೈಲು ಪ್ಲೇ ಮಾಡಬೇಕಾಗಬಹುದು.

ತೋರಿಸದೇ ಇದ್ರೆ ಏನಾಗುತ್ತೆ?

ವಾರಾಣಸಿಯ ಒಂದು ಹೋಟೆಲಿನಲ್ಲಿ 2010ರಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತ. ಜೊತೆಗಿದ್ದ ಇಟಲಿಯ ಇಬ್ಬರ ಮೇಲೆ ಕೊಲೆ ಆರೋಪ. ಹೋಟೆಲಲ್ಲಿ ಸಿಸಿಟಿವಿ ಇತ್ತು. ರೂಮಿಗೆ ಯಾರು ಹೋದ್ರು, ಯಾರು ಬಂದ್ರು ಅನ್ನೋದು ಅದರಲ್ಲಿ ಗೊತ್ತಾಗ್ತಿತ್ತು. ಆದ್ರೆ ಆ ದೃಶ್ಯಗಳನ್ನ ಪ್ರಾಸಿಕ್ಯೂಷನ್ ಕೋರ್ಟಿಗೆ ಕೊಡಲೇ ಇಲ್ಲ. ಕೆಳ ಕೋರ್ಟು, ಹೈಕೋರ್ಟು ಎರಡೂ ಜೀವಾವಧಿ ಶಿಕ್ಷೆ ಅಂದವು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಇದ್ದ ಒಳ್ಳೇ ಸಾಕ್ಷ್ಯವನ್ನ ಕೊಡಲಿಲ್ಲ ಅಂದ್ರೆ ಅದು ನಿಮಗೆ ವಿರುದ್ಧವಾಗಿತ್ತು ಅಂತಲೇ ಭಾವಿಸಬೇಕಾಗುತ್ತೆ ಅನ್ನೋದು ಆ ತೀರ್ಪಿನ ಒಂದು ಮುಖ್ಯ ಅಂಶ. ಟೊಮಾಸೊ ಬ್ರೂನೊ ಪ್ರಕರಣ ಅಂತ ವಕೀಲರು ಇವತ್ತಿಗೂ ಹೇಳ್ತಾರೆ.

ಅಂದ್ರೆ ವಿಡಿಯೋ ಬರೀ ಪೊಲೀಸರ ಕಡೆಯ ಆಯುಧ ಅಲ್ಲ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಪೊಲೀಸ್ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನ 18 ತಿಂಗಳು, ಕಡಿಮೆ ಅಂದ್ರೂ ಒಂದು ವರ್ಷ ಇಟ್ಟಿರಬೇಕು ಅಂತ ಆದೇಶ ಮಾಡಿತು. ಠಾಣೆಯಲ್ಲಿ ಹೊಡೆದ್ರು ಅಂತ ಒಬ್ಬ ಆರೋಪಿ ಹೇಳಿದ್ರೆ ಅವನಿಗೆ ಇರೋ ಸಾಕ್ಷಿ ಆ ಕ್ಯಾಮೆರಾ ಒಂದೇ.

ಪ್ಲೇ ಮಾಡೋಕೂ ಮೊದಲು ಒಂದು ಬಾಗಿಲು

ವಿಡಿಯೋ ಇದೆ ಅಂದ ಮಾತ್ರಕ್ಕೆ ಕೋರ್ಟಲ್ಲಿ ಹಾಕೋಕೆ ಆಗಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 65-ಬಿ ಸರ್ಟಿಫಿಕೇಟ್ ಅನ್ನೋ ಹೆಸರನ್ನ ಕೋರ್ಟ್ ಕಾರಿಡಾರ್‌ನಲ್ಲಿ ನಿಂತ ಯಾರಾದ್ರೂ ಕೇಳಿರ್ತಾರೆ. ಮೂಲ ಸಾಧನದಿಂದ ಪೆನ್‌ಡ್ರೈವ್‌ಗೋ ಸಿಡಿಗೋ ಕಾಪಿ ಮಾಡಿ ತಂದ್ರೆ, ಯಾವ ಸಾಧನದಿಂದ ಹೇಗೆ ತೆಗೆದ್ವಿ, ಆ ಸಾಧನ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ಅದರ ಜವಾಬ್ದಾರಿ ಇದ್ದವರು ಸಹಿ ಮಾಡಿ ಕೊಡೋ ಪತ್ರ ಅದು. ಅದು ಬೇಕೇ ಬೇಕು ಅಂತ 2014ರಲ್ಲಿ ಕೇರಳದ ಒಂದು ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಇನ್ನೊಂದು ಪೀಠ ಸ್ವಲ್ಪ ಸಡಿಲ ಮಾಡಿತು. 2020ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಿಗಿ ಮಾಡಿತು. ಮೂಲ ಸಾಧನವನ್ನೇ ಅದರ ಮಾಲೀಕರು ಕಟಕಟೆಗೆ ತಂದ್ರೆ ಮಾತ್ರ ಸರ್ಟಿಫಿಕೇಟ್ ಬೇಡ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಲೋಕಾಯುಕ್ತ ಪೊಲೀಸರ ಒಂದು ಪ್ರಕರಣ. ಗುಪ್ತ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ್ರು. ಚಾರ್ಜ್‌ಶೀಟ್ ಜೊತೆ ಸರ್ಟಿಫಿಕೇಟ್ ಇಟ್ಟಿರಲಿಲ್ಲ. ಹೈಕೋರ್ಟ್ ಆರೋಪಿಯನ್ನ ಪ್ರಕರಣದಿಂದ ಕೈಬಿಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ, ವಿಚಾರಣೆಯಲ್ಲಿ ಆ ವಿಡಿಯೋವನ್ನ ಸಾಕ್ಷ್ಯವಾಗಿ ಹಾಜರು ಮಾಡೋ ಹೊತ್ತಿಗೆ ಸರ್ಟಿಫಿಕೇಟ್ ಕೊಟ್ರೆ ಸಾಕು ಅಂದಿತು. ಒಂದು ಹಾಳೆಗೋಸ್ಕರ ಕೇಸು ದೆಹಲಿವರೆಗೂ ಹೋಗಿ ಬಂತು.

ಹೊಸ ಅಧಿನಿಯಮದಲ್ಲಿ ಇದು 63ನೇ ಕಲಂ. ಸರ್ಟಿಫಿಕೇಟ್‌ಗೆ ಈಗ ಎರಡು ಭಾಗ. ಮೊದಲನೇದು ಸಾಧನದ ಉಸ್ತುವಾರಿ ಇದ್ದವರದ್ದು. ಎರಡನೇದು ಪರಿಣತರದ್ದು. ಜೊತೆಗೆ ಹ್ಯಾಶ್ ವ್ಯಾಲ್ಯೂ ಬರೀಬೇಕು. ಹ್ಯಾಶ್ ಅಂದ್ರೆ ಆ ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಲ್ಲಿ ಒಂದು ಚುಕ್ಕಿ ಬದಲಾದ್ರೂ ಆ ಸಂಖ್ಯೆ ಪೂರ್ತಿ ಬೇರೆ ಬರುತ್ತೆ. ಒಳ್ಳೇ ನಿಯಮ. ಆದ್ರೆ ಬೇಕರಿ ಮಾಲೀಕರಿಗೆ ಹ್ಯಾಶ್ ಲೆಕ್ಕ ಹಾಕೋದನ್ನ ಯಾರು ಹೇಳಿಕೊಡ್ತಾರೆ? ತಾಲ್ಲೂಕಿನಲ್ಲಿ ಎರಡನೇ ಭಾಗಕ್ಕೆ ಸಹಿ ಹಾಕೋ ಪರಿಣತ ಯಾರು? ಎಲ್ಲದಕ್ಕೂ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ ಕಡೆ ಕೈ ತೋರಿಸಿದ್ರೆ ಕೇಸು ವಾಯಿದೆ ಮೇಲೆ ವಾಯಿದೆ ಹೋಗುತ್ತೆ.

'ಸಾರ್, ಪ್ಲೇ ಆಗ್ತಿಲ್ಲ'

ಮೇಲೆ ಹೇಳಿದ ಟಿಪ್ಪರ್ ಕೇಸಲ್ಲೇ ಹಿಂದಿನ ವಾಯಿದೆ ದಿನ ನಡೆದದ್ದು ಕೇಳಿ. ಪೆನ್‌ಡ್ರೈವ್ ಹಾಕಿದ್ರು. ಫೈಲ್ ಕಾಣ್ತಿದೆ, ತೆರೀತಿಲ್ಲ. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಗಳು ಎಷ್ಟೋ ಸಲ ತಮ್ಮದೇ ಬೇರೆ ನಮೂನೆಯಲ್ಲಿ ವಿಡಿಯೋ ಇಟ್ಟಿರುತ್ತವೆ. ಅದಕ್ಕೆ ಆ ಕಂಪನಿಯ ಪ್ಲೇಯರೇ ಬೇಕು. ಕೋರ್ಟ್ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕೋ ಅಧಿಕಾರ ಅಲ್ಲಿದ್ದ ಸಿಬ್ಬಂದಿಗೆ ಇರಲಿಲ್ಲ. ಹತ್ತು ನಿಮಿಷ ಎಲ್ಲರೂ ಪ್ರಯತ್ನಪಟ್ರು. ಕೊನೆಗೆ ಮುಂದಿನ ವಾಯಿದೆ. ಬೇಕರಿ ಮಾಲೀಕರು ಅಂಗಡಿ ಮುಚ್ಚಿ ಬಂದಿದ್ರು, ಹಾಗೇ ವಾಪಸ್ ಹೋದ್ರು. ಆ ತಾಯಿಯ ಒಂದು ದಿನದ ಕೂಲಿಯೂ ಹೋಯ್ತು.

ಮುಂದಿನ ಸಲ ಹೆಡ್ ಕಾನ್‌ಸ್ಟೆಬಲ್ ಒಬ್ಬರು ತಮ್ಮ ಮಗಳ ಲ್ಯಾಪ್‌ಟಾಪ್ ತಂದಿದ್ರು. ಅದರಲ್ಲಿ ಪ್ಲೇ ಆಯ್ತು. ಅವರ ಕಾಳಜಿ ದೊಡ್ಡದು, ಅದಕ್ಕೆ ಎರಡು ಮಾತಿಲ್ಲ. ಆದ್ರೆ ಒಂದು ಸಾವಿನ ಸಾಕ್ಷ್ಯ ಕಾಣಬೇಕು ಅಂದ್ರೆ ಯಾರದ್ದೋ ಮನೆ ಲ್ಯಾಪ್‌ಟಾಪ್ ಬೇಕು ಅನ್ನೋದನ್ನ ವ್ಯವಸ್ಥೆ ಅಂತ ಕರೆಯೋಕೆ ಆಗಲ್ಲ.

ಟೈಮ್ ಇನ್ನೊಂದು ತಲೆನೋವು. ಬೇಕರಿಯ ಡಿವಿಆರ್ ಗಡಿಯಾರ ಸುಮಾರು 40 ನಿಮಿಷ ಮುಂದಿತ್ತಂತೆ. ಕರೆಂಟ್ ಹೋಗಿ ಬಂದು ಹೀಗಾಗೋದು ಸಾಮಾನ್ಯ. ಆರೋಪಿ ಪರ ವಕೀಲರು ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದ್ರು. "ನಿಮ್ಮ ವಿಡಿಯೋದಲ್ಲಿ ಇರೋ ಟೈಮಿಗೂ ಎಫ್‌ಐಆರ್ ಟೈಮಿಗೂ ತಾಳೆ ಇಲ್ಲ ಅಲ್ವಾ?" ಅಂತ. ಕೇಳೋದು ಅವರ ಹಕ್ಕು, ಕೆಲಸ ಕೂಡ. ಜಪ್ತಿ ಮಾಡಿದ ದಿನವೇ ಮೊಬೈಲ್ ಟೈಮ್ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದು, ಮಹಜರಿನಲ್ಲಿ ಒಂದು ಸಾಲು ಬರೆದಿದ್ರೆ ಆ ಪ್ರಶ್ನೆಗೆ ಉತ್ತರ ಅಲ್ಲೇ ಇರ್ತಿತ್ತು.

ಪರದೆ ಯಾರಿಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಾನು ಲಾಯರ್ ಅಲ್ಲ. ಡಿಗ್ರಿ ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವನು. ಆದ್ರೆ ನಾಲ್ಕು ವರ್ಷದಿಂದ ಕೋರ್ಟ್ ಸುದ್ದಿ ಮಾಡ್ತಾ ಒಂದು ನಿಯಮ ಕಿವಿಗೆ ಬಿದ್ದಿದೆ. ಸಾಕ್ಷ್ಯವನ್ನ ಆರೋಪಿಯ ಸಮಕ್ಷಮದಲ್ಲೇ ತೆಗೆದುಕೊಳ್ಳಬೇಕು. ಸಿಆರ್‌ಪಿಸಿಯಲ್ಲಿ ಅದು 273ನೇ ಕಲಂ, ಹೊಸ ಸಂಹಿತೆಯಲ್ಲಿ 308. ಇನ್ನೊಂದೂ ಇದೆ. ಆರೋಪಿಗೆ ಬಾರದ ಭಾಷೆಯಲ್ಲಿ ಸಾಕ್ಷಿ ಹೇಳಿಕೆ ಕೊಟ್ರೆ, ಅದನ್ನ ಅಲ್ಲೇ ಅವನ ಭಾಷೆಗೆ ಅನುವಾದ ಮಾಡಿ ಹೇಳಬೇಕು. ಇದು ಸಿಆರ್‌ಪಿಸಿ 279ರಲ್ಲಿ ಇದ್ದದ್ದು, ಹೊಸ ಸಂಹಿತೆಯಲ್ಲೂ ಹಾಗೇ ಮುಂದುವರಿದಿದೆ.

ಈ ಎರಡನ್ನೂ ಸೇರಿಸಿ ಯೋಚಿಸಿ. ಸಾಕ್ಷಿ ಬಾಯಲ್ಲಿ ಹೇಳಿದ್ರೆ ಹಿಂದೆ ನಿಂತ ಆರೋಪಿಗೆ ಕಿವಿಗೆ ಬೀಳುತ್ತೆ. ಅರ್ಥ ಆಗದಿದ್ರೆ ಅನುವಾದ ಮಾಡ್ತಾರೆ. ಆದ್ರೆ ಸಾಕ್ಷ್ಯ ಚಿತ್ರದ ರೂಪದಲ್ಲಿ ಬಂದಾಗ, ಪರದೆ ಅವನ ಕಡೆ ಇಲ್ಲದಿದ್ರೆ, ಅವನು ದೇಹ ಸಮೇತ ಹಾಜರಿದ್ದರೂ ಆ ಸಾಕ್ಷ್ಯದ ಮುಂದೆ ಹಾಜರಿಲ್ಲ. ಅವನ ವಕೀಲರು ನೋಡಿದ್ದಾರೆ ನಿಜ. ಆದ್ರೆ ಆ ದಿನ ಆ ಸರ್ಕಲ್‌ನಲ್ಲಿ ಇದ್ದವನು ಅವನು. "ಅಣ್ಣ, ಅಲ್ಲಿ ಎಡಗಡೆ ಆಟೋ ನಿಂತಿತ್ತು ನೋಡಿ" ಅಂತ ವಕೀಲರ ಕಿವಿಯಲ್ಲಿ ಹೇಳಬಹುದಾದವನೂ ಅವನೇ. ಕೊನೆಗೆ ಆರೋಪಿ ಹೇಳಿಕೆ ತಗೊಳ್ಳೋ ದಿನ "ವಿಡಿಯೋದಲ್ಲಿ ಇರೋ ಲಾರಿ ನೀನೇ ಓಡಿಸ್ತಿದ್ದದ್ದು ಅಂತ ಸಾಕ್ಷಿ ಹೇಳಿದ್ದಾರೆ, ಏನು ಹೇಳ್ತೀಯ?" ಅಂತ ಕೇಳಿದಾಗ, ಕೋರ್ಟಲ್ಲಿ ತೋರಿಸಿದ್ದು ಯಾವ ವಿಡಿಯೋ ಅಂತಲೇ ಅವನಿಗೆ ಗೊತ್ತಿಲ್ಲದಿದ್ರೆ ಏನು ಹೇಳ್ತಾನೆ? "ಸುಳ್ಳು ಸ್ವಾಮಿ" ಅಂತಾನೆ, ಅಷ್ಟೇ.

ವಿಡಿಯೋ ಫೈಲಿನ ಕಾಪಿ ಆರೋಪಿಗೆ ಸಿಗಬೇಕು ಅನ್ನೋದು ಈಗ ಇತ್ಯರ್ಥ ಆದ ವಿಷಯ. ಮೆಮೊರಿ ಕಾರ್ಡಿನ ಒಳಗಿರೋ ದೃಶ್ಯ ಬರೀ ಮುದ್ದೆಮಾಲು ಅಲ್ಲ, ಅದು ದಾಖಲೆ ಅಂತ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುದ್ದೆಮಾಲು ಅಂದ್ರೆ ಕೊಡಲಿ, ಮಚ್ಚು ಥರ ಕೋಣೆಯಲ್ಲಿ ಬೀಗ ಹಾಕಿ ಇಡೋದು. ದಾಖಲೆ ಅಂದ್ರೆ ಕಾಪಿ ಕೊಡಬೇಕಾದದ್ದು. ಆದ್ರೆ ಕಾಪಿ ವಕೀಲರ ಫೈಲಿನಲ್ಲಿರೋದು ಬೇರೆ. ಸಾಕ್ಷಿ ಆ ವಿಡಿಯೋ ನೋಡ್ತಾ ಏನು ಹೇಳ್ತಾನೆ ಅನ್ನೋದನ್ನ ಅದೇ ಹೊತ್ತಿಗೆ, ಅದೇ ಪರದೆಯಲ್ಲಿ ನೋಡೋದು ಬೇರೆ.

ಇನ್ನು ಆ ತಾಯಿ. ಕ್ರಿಮಿನಲ್ ಕೇಸಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಮಗನನ್ನ ಕಳಕೊಂಡವರಿಗೆ ಆ ಹಾಲ್‌ನಲ್ಲಿ ಗೊತ್ತುಮಾಡಿದ ಜಾಗವೇ ಇಲ್ಲ, ಹಿಂದಿನ ಬೆಂಚೇ ಗತಿ. ಆದ್ರೂ ನಮ್ಮ ಕೋರ್ಟುಗಳು ತೆರೆದ ನ್ಯಾಯಾಲಯಗಳು. ಜಾಗ ಇದ್ದಷ್ಟು ಜನ ಬಂದು ಕೂತು ಕೇಳಬಹುದು ಅಂತ ಕಾನೂನೇ ಹೇಳುತ್ತೆ. ಮಾತಿನ ಸಾಕ್ಷ್ಯದ ಕಾಲದಲ್ಲಿ ತೆರೆದ ಬಾಗಿಲು ಸಾಕಿತ್ತು. ಚಿತ್ರದ ಕಾಲದಲ್ಲಿ ಬಾಗಿಲು ತೆರೆದು ಪರದೆ ಆ ಕಡೆ ತಿರುಗಿಸಿದ್ರೆ ಜನರ ಪಾಲಿಗೆ ಕೋರ್ಟು ಅರ್ಧ ಮುಚ್ಚಿದ ಹಾಗೇ.

ದಾಖಲೆಯ ಕಥೆಯೂ ಇದೆ. ಆ ದಿನ ಸ್ಟೆನೋ ಟೈಪ್ ಮಾಡಿದ್ದು ಹೆಚ್ಚು ಕಡಿಮೆ ಒಂದೇ ಸಾಲು, ಸಾಕ್ಷಿಗೆ ವಿಡಿಯೋ ತೋರಿಸಲಾಗಿ ಅದು ತಮ್ಮ ಅಂಗಡಿ ಕ್ಯಾಮೆರಾದ್ದೇ ಎಂದು ಗುರುತಿಸಿದ್ದಾರೆ ಅಂತ. ಎಷ್ಟನೇ ಸೆಕೆಂಡಿನಲ್ಲಿ ನಿಲ್ಲಿಸಿದ್ರು, ಯಾವ ಗಾಡಿಯನ್ನ ಬೊಟ್ಟು ಮಾಡಿದ್ರು, ಅದರಲ್ಲಿ ಬರಲಿಲ್ಲ. ನಾಳೆ ಮೇಲ್ಮನವಿ ಆದ್ರೆ ಅಲ್ಲಿನ ನ್ಯಾಯಾಧೀಶರ ಕೈಗೆ ಸಿಗೋದು ಆ ಒಂದು ಸಾಲು ಮತ್ತು ಒಂದು ಪೆನ್‌ಡ್ರೈವ್.

ಈ ಬಗ್ಗೆ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಗಾಂಜಾ ಪ್ರಕರಣವೊಂದರಲ್ಲಿ ಒಂದು ಸ್ಪಷ್ಟನೆ ಕೊಟ್ಟಿದೆ. ದಾಳಿಯ ವಿಡಿಯೋವನ್ನ ಪ್ರತಿ ಸಾಕ್ಷಿ ಹೇಳಿಕೆ ಕೊಡುವಾಗಲೂ ಪ್ಲೇ ಮಾಡಿ, ಅವರ ಮಾತಿನಲ್ಲಿ ವಿವರ ಬರೆಸಿಕೊಂಡಿಲ್ಲ ಅಂತ ಹೈಕೋರ್ಟ್ ಮರು ವಿಚಾರಣೆಗೆ ಹೇಳಿತ್ತು. ಸರ್ಟಿಫಿಕೇಟ್ ಸರಿ ಇದ್ದು ವಿಡಿಯೋ ದಾಖಲೆಗೆ ಬಂದಿದ್ರೆ ಅದನ್ನ ಒಪ್ಪೋಕೆ ಅಂಥ ವಿವರಣೆ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಸರಿ, ಇಲ್ಲದಿದ್ರೆ ಸಾವಿರಾರು ಕೇಸು ಮತ್ತೆ ಮೊದಲಿಂದ ಶುರುವಾಗ್ತಿದ್ವು. ಆದ್ರೆ ಕಡ್ಡಾಯ ಅಲ್ಲ ಅಂದದ್ದನ್ನ ಬೇಡ ಅಂತ ಓದಿಕೊಳ್ಳೋದು ಬೇಡ. ಯಾವ ಸೆಕೆಂಡಿನಲ್ಲಿ ಏನು ಕಂಡಿತು ಅಂತ ನಾಲ್ಕು ಸಾಲು ಇದ್ರೆ ಎಲ್ಲರಿಗೂ ಒಳ್ಳೇದು.

ತೋರಿಸೋ ರೀತಿಯೂ ಒಂದು ವಾದ

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ಅಪಘಾತದ ವಿಡಿಯೋವನ್ನ ಮೊದಲು ಹಾಕಿದವರಲ್ಲಿ ನಾವೂ ಇದ್ವಿ. ಬೇಕರಿ ಮಾನಿಟರ್ ಮುಂದೆ ಯಾರೋ ಮೊಬೈಲ್ ಹಿಡಿದು ತೆಗೆದದ್ದು. ನಾನೇ ಕಳಿಸಿದ್ದು. ಡೆಸ್ಕಲ್ಲಿ ಅದಕ್ಕೆ ಕೆಂಪು ವೃತ್ತ ಹಾಕಿ, ಗುದ್ದೋ ಕ್ಷಣವನ್ನ ಸ್ಲೋ ಮೋಷನ್ ಮಾಡಿ, ಹಿಂದೆ ಒಂದು ಮ್ಯೂಸಿಕ್ ಹಾಕಿದ್ರು. ಎರಡು ದಿನ ಎಲ್ಲಾ ಗ್ರೂಪಲ್ಲೂ ಅದೇ ಓಡಾಡ್ತು. ಪೂರ್ತಿ ವಿಡಿಯೋದ ಮೊದಲ ಅರ್ಧ ನಮ್ಮ ಕ್ಲಿಪ್‌ನಲ್ಲಿ ಇರಲಿಲ್ಲ. ಆ ಅರ್ಧದಲ್ಲಿ ಏನಿದೆ ಅನ್ನೋದರ ಮೇಲೇ ಈಗ ಕೋರ್ಟಲ್ಲಿ ವಾದ ನಡೀತಿದೆ.

ಸ್ಲೋ ಮೋಷನ್ ಏನು ಮಾಡುತ್ತೆ ಅಂತ ಅಮೆರಿಕದ ಸಂಶೋಧಕರು 2016ರಲ್ಲಿ ಪರೀಕ್ಷೆ ಮಾಡಿ ಬರೆದಿದ್ದಾರೆ. ಒಂದು ದರೋಡೆಯಲ್ಲಿ ಗುಂಡು ಹಾರಿದ ಸಿಸಿಟಿವಿ ದೃಶ್ಯವನ್ನ ಕೆಲವರಿಗೆ ಸಾಮಾನ್ಯ ವೇಗದಲ್ಲಿ, ಕೆಲವರಿಗೆ ನಿಧಾನ ಮಾಡಿ ತೋರಿಸಿದ್ರು. ನಿಧಾನವಾಗಿ ನೋಡಿದವರಿಗೆ ಅವನು ಬೇಕಂತಲೇ ಮಾಡಿದ ಅಂತ ಹೆಚ್ಚು ಅನ್ನಿಸಿತು. ಕಣ್ಣ ಮುಂದೆ ಸಮಯ ಹಿಗ್ಗಿದಾಗ, ಅವನಿಗೂ ಯೋಚನೆ ಮಾಡೋಕೆ ಅಷ್ಟು ಟೈಮ್ ಇತ್ತು ಅಂತ ನಮ್ಮ ಮನಸ್ಸು ತಿಳ್ಕೊಳ್ಳುತ್ತೆ. ಎರಡೂ ವೇಗದಲ್ಲಿ ತೋರಿಸಿದ್ರೆ ಈ ಭ್ರಮೆ ಕಡಿಮೆ ಆಯ್ತು, ಆದ್ರೆ ಪೂರ್ತಿ ಹೋಗಲಿಲ್ಲ.

ಇದಕ್ಕೂ ಹಳೇ ಉದಾಹರಣೆ ಲಾಸ್ ಏಂಜಲೀಸ್‌ನದ್ದು. 1991ರ ಮಾರ್ಚ್‌ನಲ್ಲಿ ರಾಡ್ನಿ ಕಿಂಗ್ ಅನ್ನೋ ಕಪ್ಪು ಜನಾಂಗದ ವ್ಯಕ್ತಿಯನ್ನ ಪೊಲೀಸರು ರಸ್ತೆಯಲ್ಲಿ ಬಡಿಯೋದನ್ನ ಎದುರು ಮನೆಯವರೊಬ್ಬರು ಬಾಲ್ಕನಿಯಿಂದ ಚಿತ್ರೀಕರಿಸಿದ್ರು. ಲೋಕವೆಲ್ಲಾ ಟಿವಿಯಲ್ಲಿ ನೋಡಿ ದಂಗಾಯ್ತು. ಕೋರ್ಟಲ್ಲಿ ಪೊಲೀಸರ ಪರ ವಕೀಲರು ಅದೇ ವಿಡಿಯೋವನ್ನ ಒಂದೊಂದೇ ಚೌಕಟ್ಟು ನಿಲ್ಲಿಸಿ ತೋರಿಸಿದ್ರು. ನೋಡಿ, ಇಲ್ಲಿ ಅವನ ಕಾಲು ಅಲ್ಲಾಡ್ತು, ಇಲ್ಲಿ ಏಳೋಕೆ ಹೊರಟ ಅಂತ ಒಂದೊಂದು ಏಟಿಗೂ ಒಂದೊಂದು ಕಾರಣ ಕೊಟ್ರು. 1992ರ ಏಪ್ರಿಲ್‌ನಲ್ಲಿ ನಾಲ್ವರು ಪೊಲೀಸರೂ ಬಹುತೇಕ ಎಲ್ಲಾ ಆರೋಪಗಳಿಂದ ಖುಲಾಸೆ ಆದ್ರು. ಊರು ಹೊತ್ತಿ ಉರೀತು, 50ಕ್ಕೂ ಹೆಚ್ಚು ಜನ ಸತ್ರು. ಮರುವರ್ಷ ಫೆಡರಲ್ ಕೋರ್ಟಲ್ಲಿ ಅದೇ ವಿಡಿಯೋ ಇಟ್ಟುಕೊಂಡು ನಡೆದ ಇನ್ನೊಂದು ವಿಚಾರಣೆಯಲ್ಲಿ ಇಬ್ಬರಿಗೆ ಶಿಕ್ಷೆ ಆಯ್ತು.

ನಮ್ಮಲ್ಲಿ ಜ್ಯೂರಿ ಇಲ್ಲ, ತರಬೇತಿ ಪಡೆದ ನ್ಯಾಯಾಧೀಶರೇ ನೋಡೋದು. ಆದ್ರೂ ಕಣ್ಣು ಎಲ್ಲರದ್ದೂ ಕಣ್ಣೇ. ಯಾವ ವೇಗ, ಎಷ್ಟು ಝೂಮ್, ಎಲ್ಲಿಂದ ಎಲ್ಲಿವರೆಗೆ ಅನ್ನೋದು ರಿಮೋಟ್ ಹಿಡಿದವರ ಕೈಲಿದೆ. ಹಾಗಾಗಿ ಮೊದಲು ಪೂರ್ತಿ ವಿಡಿಯೋ, ಮೂಲ ವೇಗದಲ್ಲಿ, ಏನೂ ಗುರುತು ಹಾಕದೆ. ಆಮೇಲೆ ಬೇಕಾದ್ರೆ ನಿಲ್ಲಿಸಿ, ದೊಡ್ಡದು ಮಾಡಿ. ಅದನ್ನ ಮಾಡಿದ್ದೇವೆ ಅಂತ ದಾಖಲಿಸಿ. ಇದಕ್ಕೆ ದುಡ್ಡೇನೂ ಖರ್ಚಾಗಲ್ಲ.

ತೋರಿಸಬಾರದ್ದೂ ಇದೆ

ಎಲ್ಲರಿಗೂ ತೋರಿಸಿ ಅಂದ ತಕ್ಷಣ ಇನ್ನೊಂದು ಕಡೆ ನೆನಪಾಗಬೇಕು. ಮೇಲೆ ಹೇಳಿದ 2019ರ ತೀರ್ಪು ಬಂದದ್ದು ಕೇರಳದ ನಟಿಯೊಬ್ಬರ ಮೇಲಿನ ದೌರ್ಜನ್ಯ ಪ್ರಕರಣದಲ್ಲಿ. ಅಲ್ಲಿ ದೃಶ್ಯ ದಾಖಲೆಯೇ ಆದ್ರೂ, ಸಂತ್ರಸ್ತೆಯ ಮಾನ, ಖಾಸಗಿತನ ಕಾಯಬೇಕಾದ್ದರಿಂದ ಆರೋಪಿಗೆ ಕಾಪಿ ಕೊಡೋದು ಬೇಡ, ಅವನು, ಅವನ ವಕೀಲರು, ಪರಿಣತರು ಕೋರ್ಟಲ್ಲೇ ನೋಡಲಿ ಅಂತ ಹೇಳಿದ್ರು. ಅಷ್ಟಾದ ಮೇಲೂ ಕೋರ್ಟಿನ ವಶದಲ್ಲಿದ್ದ ಮೆಮೊರಿ ಕಾರ್ಡಿನ ಹ್ಯಾಶ್ ವ್ಯಾಲ್ಯೂ ಬದಲಾಗಿದೆ ಅನ್ನೋ ವಿಷಯ ಎದ್ದು, 2023ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಅದರ ವಿಚಾರಣೆಗೆ ಆದೇಶ ಮಾಡಿತು. ಬೀಗದ ಒಳಗಿದ್ದ ಕಾರ್ಡನ್ನೂ ಯಾರೋ ತೆರೆದಿರಬಹುದು ಅನ್ನೋದು ಆ ಸಂಖ್ಯೆಯಿಂದಲೇ ಹೊರಗೆ ಬಂತು.

ಅದೇ ತಿಂಗಳು ನಮ್ಮ ಕರ್ನಾಟಕ ಹೈಕೋರ್ಟಿನ ಆನ್‌ಲೈನ್ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ರಿಂದ ಲೈವ್ ಸ್ಟ್ರೀಮ್, ವಿಡಿಯೋ ಕಾನ್ಫರೆನ್ಸ್ ಎರಡನ್ನೂ ಕೆಲ ಕಾಲ ನಿಲ್ಲಿಸಬೇಕಾಯ್ತು. ಹಾಗಾಗಿ ಕೆಲವು ನ್ಯಾಯಾಧೀಶರು ದೊಡ್ಡ ಪರದೆ ಅಂದ್ರೆ ಹಿಂಜರಿಯೋದು ಸುಮ್ಮನೆ ಅಲ್ಲ. ಹಿಂದೆ ಕೂತವರು ಮೊಬೈಲ್ ತೆಗೆದು ಪರದೆಯನ್ನೇ ರೆಕಾರ್ಡ್ ಮಾಡಿದ್ರೆ? ಅತ್ಯಾಚಾರ, ಪೋಕ್ಸೋ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಲ್ಲೇ ನಡೀಬೇಕು, ಅಲ್ಲಿ ಪರದೆ ಕೂಡ ಕೆಲವರಿಗಷ್ಟೇ ಇರಬೇಕು. ಆದ್ರೆ ರಸ್ತೆ ಅಪಘಾತ, ಜಗಳ, ಕಳ್ಳತನ, ಲಂಚದ ಟ್ರ್ಯಾಪ್ ಕೇಸುಗಳಿಗೆ ಈ ಕಾರಣ ಕೊಡೋಕೆ ಆಗಲ್ಲ.

ಏನಾಗಬೇಕು?

ದುಡ್ಡಿಲ್ಲ ಅನ್ನೋ ಮಾತು ಪೂರ್ತಿ ಒಪ್ಪೋಕೆ ಆಗಲ್ಲ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿ ಒಪ್ಪಿದೆ, ನಾಲ್ಕು ವರ್ಷಕ್ಕೆ. ದೇಶಕ್ಕೆಲ್ಲಾ ಹಂಚಿದ್ರೆ ತಾಲ್ಲೂಕಿಗೆ ಎಷ್ಟು ಬರುತ್ತೋ, ಆದ್ರೆ ನಾವು ಕೇಳ್ತಿರೋದೂ ದೊಡ್ಡದೇನಲ್ಲ. ಒಂದು ಕೋರ್ಟ್ ಹಾಲ್‌ಗೆ ಎರಡು ಪರದೆ. ಒಂದು ನ್ಯಾಯಾಧೀಶರಿಗೆ, ಇನ್ನೊಂದು ಗೋಡೆ ಮೇಲೆ, ಕಟಕಟೆ, ಆರೋಪಿ, ವಕೀಲರು, ಹಿಂದಿನ ಬೆಂಚು ಎಲ್ಲರಿಗೂ ಕಾಣೋ ಹಾಗೆ. ಗುಟ್ಟಿನ ಕೇಸಲ್ಲಿ ಗೋಡೆಯದ್ದನ್ನ ಆಫ್ ಮಾಡಿದ್ರಾಯ್ತು. ನೆಟ್ ಸಂಪರ್ಕ ಇಲ್ಲದ, ಎಲ್ಲಾ ನಮೂನೆ ವಿಡಿಯೋ ತೆರೆಯೋ ಒಂದು ಕಂಪ್ಯೂಟರ್. ವಾಯಿದೆಗೆ ಎರಡು ದಿನ ಮೊದಲೇ ಫೈಲ್ ಪ್ಲೇ ಆಗುತ್ತಾ ಅಂತ ನೋಡಿ ಎರಡೂ ಕಡೆಯವರಿಗೆ ತಿಳಿಸೋಕೆ ಒಬ್ಬ ಸಿಬ್ಬಂದಿ. ನಮ್ಮ ಜಿಲ್ಲಾ ವಕೀಲರ ಸಂಘ ಈ ಮೂರನ್ನೇ ಒಂದು ಮನವಿ ಮಾಡಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟರೂ ಕೆಲಸ ಶುರುವಾಗುತ್ತೆ.

ಅಲ್ಲಿವರೆಗೂ ಒಂದು ಸುಲಭದ ದಾರಿ ಇದೆ. ಲ್ಯಾಪ್‌ಟಾಪ್ ತಿರುಗಿಸಿ ಒಂದು ಸಲ ಆರೋಪಿಗೆ ತೋರಿಸಿ, ಹಾಗೆ ತೋರಿಸಿದ್ದನ್ನ ಬರೆಸಿಕೊಳ್ಳೋದು. ಎರಡು ನಿಮಿಷದ ಕೆಲಸ.

ಓದುಗರಿಗೂ ಒಂದು ಮಾತು. ನಿಮ್ಮ ಅಂಗಡಿ ಕ್ಯಾಮೆರಾದಲ್ಲಿ ಏನಾದ್ರೂ ಘಟನೆ ಸಿಕ್ಕಿದ್ರೆ ಮಾನಿಟರ್ ಮುಂದೆ ಮೊಬೈಲ್ ಹಿಡಿದು ತೆಗೆದು ಗ್ರೂಪಿಗೆ ಹಾಕಬೇಡಿ. ನಮಗೂ ಕಳಿಸಬೇಡಿ. ಜನ ಹೆಚ್ಚಾಗಿ ಸೇರೋ ಜಾಗಗಳ ಸಿಸಿಟಿವಿ ದೃಶ್ಯವನ್ನ 30 ದಿನ ಇಡಬೇಕು ಅಂತ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತೆ. ಆದ್ರೆ ಹಾರ್ಡ್ ಡಿಸ್ಕ್ ಚಿಕ್ಕದಿದ್ರೆ ಹಳೇ ದೃಶ್ಯದ ಮೇಲೆ ಹೊಸದು ಅದಕ್ಕೂ ಮೊದಲೇ ಕೂರುತ್ತೆ. ಹಾಗಾಗಿ ಬೇಗ ಪೊಲೀಸರಿಗೆ ತಿಳಿಸಿ, ಡಿವಿಆರ್ ಟೈಮಿಗೂ ನಿಜವಾದ ಟೈಮಿಗೂ ಎಷ್ಟು ವ್ಯತ್ಯಾಸ ಇದೆ ಅಂತ ಬರೆದಿಟ್ಟುಕೊಳ್ಳಿ, ಸರ್ಟಿಫಿಕೇಟ್‌ಗೆ ಸಹಿ ಹಾಕೋ ಮೊದಲು ಅದರಲ್ಲಿ ಏನಿದೆ ಅಂತ ಓದಿ.

ಆ ತಾಯಿಗೆ ನಾನು ಏನು ಉತ್ತರ ಕೊಟ್ಟೆ ಅಂದ್ರೆ, "ನಂಗೂ ಕಾಣ್ಲಿಲ್ಲ ಅವ್ವ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಫೋನಲ್ಲಿ ಹಾಕಿದ್ರಲ್ಲ, ಅದೇನಾ ತೋರ್ಸಿದ್ದು?" ಅಂದ್ರು. ಅಲ್ಲ ಅವ್ವ, ಇದು ಪೂರ್ತಿ ಇರೋದು ಅಂದೆ. ಪೂರ್ತಿ ಇರೋದನ್ನ ಅವರು ಇವತ್ತಿಗೂ ನೋಡಿಲ್ಲ. ನೋಡೋ ಧೈರ್ಯ ಇದೆಯೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು. ಮುಂದಿನ ವಾಯಿದೆಗೂ ಬರ್ತೀನಿ ಅಂತ ಹೇಳಿ ಬಸ್ ಸ್ಟ್ಯಾಂಡ್ ಕಡೆ ನಡೆದ್ರು.